ಪುಟ ನಲವತ್ತೊಂದು

ಲೋಕಯ್ಯ ತಿಂಗಳಾಯ. ಕುತ್ತಿಗೆ ಹದಿನಾಲ್ಕು, ಎದೆ ಮೂವತ್ತನಾಲ್ಕು.
ತೋಳು ಬಲೆ ಎಳೆದದ್ದು, ಅರ್ಧ ಇಂಚು ಹೆಚ್ಚು ಬಿಡಬೇಕು
ಎಂದು ಪೆನ್ಸಿಲಿನಲ್ಲಿ ನಾನೇ ಬರೆದದ್ದು, ಎಂಬತ್ತಾರರಲ್ಲಿ.
ಮೀನುಗಾರರ ಸೊಸೈಟಿಯ ಚುನಾವಣೆ.
ಮಲ್ಪೆಯ ಐಸ್ ಪ್ಲಾಂಟಿನ ಎದುರು ಡೀಸೆಲ್ ಡ್ರಮ್ಮಿನ ಮೇಲೆ ನಿಂತು
ಮಾತಾಡಲಿಕ್ಕೆ ಒಂದು ಬಿಳಿ ಅಂಗಿ.
ಬಟ್ಟೆ ಸಾಲ, ಮಜೂರಿ ಸಾಲ.
"ಗೆದ್ದರೆ ಕೊಡುತ್ತೇನೆ ಬೊನಿಫಾಸ್, ಸೋತರೂ ಕೊಡುತ್ತೇನೆ."
ಸೋತ. ಕೊಟ್ಟ.
ಬಂಗುಡೆ ವಾಸನೆಯ ಹತ್ತರ ನೋಟು, ಎರಡು.

ಮಂಡಲ ಪಂಚಾಯತಿಗೆ ಗೆದ್ದಾಗ ಕುತ್ತಿಗೆ ಹದಿನಾಲ್ಕೂವರೆ.
ಆ ವರ್ಷ ಮೂರು ದೋಣಿ ಬರಲಿಲ್ಲ.
ರಾತ್ರಿಯಿಡೀ ದಡದಲ್ಲಿ ಟಾರ್ಚ್ ಹಿಡಿದು ನಿಂತಿದ್ದನಂತೆ.
ಮೂರನೇ ದಿನ ಅಂಗಿ ತಂದ,
ಹೆಗಲಲ್ಲಿ ಹರಿದಿತ್ತು.
ಯಾರೋ ಹೆಂಗಸು ಹಿಡಿದುಕೊಂಡು ಅತ್ತದ್ದು, ಹೊಲಿಗೆ ಬಿಟ್ಟಿದೆ, ಎಂದ.
ಹೊಲಿಗೆ ಬಿಟ್ಟಿರಲಿಲ್ಲ, ಬಟ್ಟೆಯೇ ಹರಿದಿತ್ತು.
ಒಳಗಿಂದ ತುಂಡು ಕೊಟ್ಟು ಹೊಲಿದೆ. ದುಡ್ಡು ಹೇಳಲಿಲ್ಲ.

ಜಿಲ್ಲಾ ಪರಿಷತ್ತು: ಸೊಂಟ ಮೂವತ್ತೆಂಟು.
ಎಡಗಡೆ ಒಳಗೊಂದು ಕಳ್ಳಜೇಬು ಇಡು ಎಂದ.
ಎಷ್ಟು ಆಳ ಎಂದು ಮಾತ್ರ ಕೇಳಿದೆ.
ಆ ಹೊತ್ತಿಗೆ ಒಂದು ಮಾತು ಕಲಿತಿದ್ದ: "ನೋಡುವ."
ರಸ್ತೆ ಕೇಳಿದರೆ ನೋಡುವ, ರೇಶನ್ ಕಾರ್ಡು ನೋಡುವ,
ಕಡಲು ಕೊರೆದು ತೆಂಗಿನಬುಡಕ್ಕೆ ಬಂದಿದೆ, ಕಲ್ಲು ಹಾಕಿಸಿ ಎಂದರೆ
"ನೋಡುವ ಮಾರಾಯ, ನೋಡುವ."

ಮುನ್ನೂರ ಹನ್ನೆರಡು ಮತದಲ್ಲಿ ಶಾಸಕರಾದರು.
ಅಲ್ಲಿಂದ ನಾನು "ನೀವು" ಎಂದೆ. ಬೇಡ ಎನ್ನಲಿಲ್ಲ.
ಆರು ಜೊತೆ ಒಟ್ಟಿಗೆ. ಅಳತೆಗೆ ಪ್ರವಾಸಿ ಬಂಗಲೆಗೆ ಕರೆಸಿದರು,
ಕಿವಿಯಲ್ಲಿ ಫೋನು,
ಒಂದು ತೋಳಿನ ಅಳತೆಯನ್ನೇ ಎರಡಕ್ಕೂ ಬರೆದುಕೊಂಡೆ.
ಇನ್ಯಾರ ಹತ್ತಿರವೋ ಮಾತಾಡುತ್ತಿರುವವರ
ಎದೆ ಅಳೆಯುವುದು ಕಷ್ಟ, ಉಸಿರು ನಿಲ್ಲುವುದಿಲ್ಲ.
ಹೋಗುವಾಗ ಕಾಗದ ಕೊಟ್ಟೆ.
ಮಗಳು ಎಮಿಲ್ಡಾ, ಸ್ಟಾಫ್ ನರ್ಸ್, ಯಾದಗಿರಿಯಲ್ಲಿ ಮೂರು ವರ್ಷ,
ಉಡುಪಿಗೆ ವರ್ಗ ಆಗುವುದಾದರೆ.
ಓದದೆ ಮಡಚಿ ಜೇಬಿಗೆ ಹಾಕಿದರು, ಕಳ್ಳಜೇಬಿಗಲ್ಲ, ಮೇಲಿನದಕ್ಕೆ.
ಏನು ಹೇಳಿದರೆಂದು ಬರೆಯಬೇಕಾಗಿಲ್ಲ.

ಎರಡು ತಿಂಗಳ ಮೇಲೆ ಡ್ರೈವರ್ ಅದೇ ಅಂಗಿ ತಂದ. ಬಟನ್ ಹೋಗಿದೆ.
ಜೇಬಿನ ಮೂಲೆಯಲ್ಲಿ ಒಗೆದು, ಒಣಗಿ, ಇಸ್ತ್ರಿಯಾದ ಕಾಗದ,
ಹಪ್ಪಳದಷ್ಟು ಗಟ್ಟಿ.
ಬಿಡಿಸಿದೆ. ಎಮಿಲ್ಡಾದಲ್ಲಿ "ಮಿ" ಮಾತ್ರ ಉಳಿದಿತ್ತು,
ಅದೂ ನೀಲಿ ಮೋಡದ ಹಾಗೆ.
ಬಟನ್ ಹಾಕಿದೆ.
ಬಟನಿನ ದುಡ್ಡು ತೆಗೆದುಕೊಂಡೆ.
ಅವಳು ಅಲ್ಲಿಯೇ ಮದುವೆಯಾದಳು,
ಈಗ ಫೋನಿನಲ್ಲಿ ನನಗೂ "ಹೌದ್ರೀ" ಅನ್ನುತ್ತಾಳೆ.

ಮತ್ತೆ ಸೋತರು. ಪಕ್ಷ ಬಿಟ್ಟರು.
ಶಾಲಿನ ಬಣ್ಣ ಬದಲಾಯಿತು, ಅಂಗಿ ಬಿಳಿಯೇ,
ನನಗದರಿಂದ ತೊಂದರೆಯಾಗಲಿಲ್ಲ.
ಟಿಕೆಟ್ ಸಿಕ್ಕೀತೆಂದು ಹೊಲಿಸಿದ ನಾಲ್ಕು ಅಂಗಿ
ಕಪಾಟಿನಲ್ಲಿ ಒಂದೂವರೆ ವರ್ಷ ಉಳಿಯಿತು, ಒಯ್ಯಲು ಯಾರೂ ಬರಲಿಲ್ಲ.

ನಿನ್ನೆ ಬಂದಿದ್ದರು. ಸರ್ವಿಸ್ ಬಸ್ಸಿನಲ್ಲಿ,
ಮೀನಿನಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯವನ್ನೆಲ್ಲ ತುಂಬಿ.
ಶುಗರ್ ಅಂತೆ. ಎಲ್ಲ ಬಿಗಿ ಮಾಡಬೇಕು.
ಪುಟ ನಲವತ್ತೊಂದರಲ್ಲಿ ಬರೆಯಲು ಜಾಗವಿಲ್ಲ,
ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ಬೆಳಕು ಬಿಡುತ್ತದೆ.
ಮತ್ತೊಂದು ಹೊಸತು ಬೇಕು, ಬಣ್ಣದ್ದು, ನೀಲಿ ಚೌಕಳಿ.
ಬಿಳಿ ಹಾಕಿ ಬಂದರಿಗೆ ಹೋದರೆ ಹುಡುಗರು ಅರ್ಜಿ ತಂದಾರು ಎಂದೋ,
ತಾರದೆ ಇದ್ದಾರು ಎಂದೋ,
ಹೇಳಲಿಲ್ಲ.

"ಯಾವಾಗ ಕೊಡುತ್ತೀ?"
ಬಾಯಿಗೆ ಬಂದ ಮಾತನ್ನು ಗುಂಡುಸೂಜಿಯ ಜೊತೆ ತುಟಿಯಲ್ಲೇ ಕಚ್ಚಿಕೊಂಡೆ.
"ಗುರುವಾರ."
ಟೇಪು ಸುತ್ತಿ ನನ್ನ ಕೊರಳಿಗೆ ಹಾಕಿಕೊಂಡ ಮೇಲೂ
ಎರಡು ತೋಳೂ ಅಗಲಿಸಿ ನಿಂತೇ ಇದ್ದ, ಕನ್ನಡಿಯ ಕಡೆ ನೋಡದೆ.
"ಆಯಿತು ಲೋಕಯ್ಯ, ಕೈ ಇಳಿಸು" ಎಂದೆ.
ಕೇಳಿಸಿತೋ ಇಲ್ಲವೋ.
ಹೊರಗೆ ಐಸಿನ ಲಾರಿ ಹಾರ್ನ್ ಹಾಕುತ್ತಿತ್ತು.